ಜೆರಾಕ್ಸ್ ಅಂಗಡಿಯ ಮುಂದೆ ನಡೆದುಹೋದವರು

ಟೆರೇಸ್ ಮೇಲೆ ನಿಂತು ಡಿಶ್ ತಿರುಗಿಸುವವನಿಗೆ ಕೆಳಗೆ ಟಿವಿಯಲ್ಲಿ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಅದಕ್ಕೇ ನಾವು ಮೇಲಿಂದ ಕೂಗುತ್ತೇವೆ: "ಬಂತಾ?" ಕೆಳಗಿನಿಂದ ಮನೆಯವರು ಕೂಗುತ್ತಾರೆ: "ಇಲ್ಲಾ... ಸ್ವಲ್ಪ ಬಂತು... ಹೋಯ್ತು... ಹಾಂ, ಬಂತು ಬಂತು!" ಅವರ ಮಾತು ನಂಬಿ ನಟ್ಟು ಬಿಗಿ ಮಾಡಿ ಇಳಿಯುತ್ತೇವೆ. ಇಪ್ಪತ್ತೈದು ವರ್ಷದಿಂದ ಕುಮಾರಸ್ವಾಮಿ ಲೇಔಟ್, ಬನಶಂಕರಿ ಕಡೆಯ ಟೆರೇಸುಗಳ ಮೇಲೆ ನಾನು ಹೀಗೆ ಕೂಗುತ್ತಲೇ ಇದ್ದೇನೆ. ಕೇಬಲ್ ಎಳೆದೆ, ಆಮೇಲೆ ಡಿಶ್ ಕೂರಿಸಿದೆ, ಈಗ ಬಾಕ್ಸ್ ರಿಪೇರಿ, ಗೋಡೆಗೆ ಟಿವಿ ಹೊಡೆಯುವುದು. ನಾನು ಕೈ ಇಟ್ಟ ಮನೆಯಲ್ಲಿ ಚಿತ್ರ ಬರದೆ ಮೆಟ್ಟಿಲು ಇಳಿದದ್ದಿಲ್ಲ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮುಚ್ಚಿಟ್ಟುಕೊಂಡಿದ್ದ ವಿಷಯ ಬೇರೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಬಾಕ್ಸಿನ ಮೆನುವೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ನಾನು ಸಾಲು ಎಣಿಸಿ ರಿಮೋಟ್ ಒತ್ತುತ್ತೇನೆ. ಕೆಳಗೆ ಮೂರು, ಬಲಕ್ಕೆ ಒಂದು, ಓಕೆ, ಓಕೆ. ಬಾಕ್ಸ್ ತಾನೇ ಆಫ್ ಆಗಿ ಆನ್ ಆಗುತ್ತದೆ, ಮುಕ್ಕಾಲು ರೋಗ ಅಲ್ಲಿಗೇ ವಾಸಿ. ಓದುವವರಿಗಿಂತ ನನ್ನ ಬೆರಳು ಚುರುಕು ಎಂದು ನನಗೆ ಜಂಬವಿತ್ತು.

ಕುಮಾರಸ್ವಾಮಿ ಲೇಔಟಿನ ಒಂದು ಮನೆಯಲ್ಲಿ ಒಬ್ಬ ಅಮ್ಮ ಇದ್ದರು. ರಿಟೈರಾದ ಟೀಚರು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ. ಒಂದು ಮಧ್ಯಾಹ್ನ ಫೋನ್ ಮಾಡಿ, "ಕೇಬಲ್‌ನೋರೇ, ಚಿತ್ರ ನಿಂತು ನಿಂತು ಬರ್ತಾ ಇದೆ, ಬೇಗ ಬನ್ನಿ" ಅಂದರು. ಹೋದೆ. ನೋಡುತ್ತಿದ್ದದ್ದು ಚಾನೆಲ್ ಅಲ್ಲ. ಬಾಕ್ಸಿಗೆ ಪೆನ್‌ಡ್ರೈವ್ ಚುಚ್ಚಿ ಹಿಂದೆ ಯಾವಾಗಲೋ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಒಂದು ಸೀರಿಯಲ್ಲು.

ಆ ಸೀರಿಯಲ್ಲು ಯಾರಿಗೂ ನೆನಪಿರಲಾರದು. ಮಧ್ಯಾಹ್ನ ಎರಡೂವರೆಗೆ ಬರುತ್ತಿತ್ತು, ನೋಡುವವರಿಲ್ಲದೆ ನಲವತ್ತಾರು ಎಪಿಸೋಡಿಗೆ ನಿಂತುಹೋಯಿತು. ಒಂದು ಜೆರಾಕ್ಸ್ ಅಂಗಡಿ. ಅಂಗಡಿಯವನಿಗೆ ನಲವತ್ತು ದಾಟಿದೆ. ಮನೆಯ ಖಾತೆ ಬದಲಾವಣೆಗೆ ಅಲೆಯುವ ಒಬ್ಬ ಹೆಂಗಸು ಆಗಾಗ ಕಾಗದ ತರುತ್ತಾಳೆ. ಅವನು ಪ್ರತಿಸಲ ಒಂದು ಕಾಪಿ ಹೆಚ್ಚಿಗೆ ತೆಗೆದು ತನ್ನ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಾನೆ. ಕಥೆ ಅಂದರೆ ಇಷ್ಟೇ. ಸೆಟ್ ಹಾಕದೆ ಬನಶಂಕರಿಯ ರಸ್ತೆಯಲ್ಲೇ ತೆಗೆದಿದ್ದರು, ಹಾಗಾಗಿ ಹಿಂದೆ ಹೋಗಿಬರುವ ಜನರೆಲ್ಲ ನಿಜವಾದ ಜನರೇ.

ಅಮ್ಮ ಹೇಳಿದರು, "ಇಲ್ಲೇ ನಿಲ್ಲತ್ತೆ, ನೋಡಿ. ನಮ್ಮನೆಯವರು ಬರೋ ಜಾಗದಲ್ಲೇ."

"ಯಾರಮ್ಮ?"

"ನಮ್ಮನೆಯವರು ಕಣ್ರೀ. ದಿನಾ ಇಷ್ಟು ಹೊತ್ತಿಗೆ ನೋಡ್ತೀನಿ."

ನೋಡಿದೆ. ಜೆರಾಕ್ಸ್ ಅಂಗಡಿಯ ಮುಂದೆ ಬಸ್ಸು ಹೋಯಿತು. ಬಾಳೆಹಣ್ಣಿನ ಗಾಡಿಯವನು ಕೂಗಿದ. ಅವನ ಹಿಂದೆ, ಮಡಿಸಿದ ಕೊಡೆಯನ್ನು ಕೋಲಿನಂತೆ ಊರಿಕೊಂಡು ವಯಸ್ಸಾದ ಒಬ್ಬರು ಫುಟ್‌ಪಾತಿನ ಮೇಲೆ ಬಂದರು. ಅವರನ್ನು ನಾನು ಬಲ್ಲೆ. ಗೇಟಿನ ಹತ್ತಿರ ನನ್ನನ್ನು ಕಂಡರೆ ಒಂದೂ ಮಾತಾಡದೆ ಒಳಗೆ ಹೋಗಿಬಿಡುತ್ತಿದ್ದ ಯಜಮಾನರು. ಅಂಗಡಿ ದಾಟುವಾಗ ಅವರು ನಿಂತರು. ತಿರುಗಿದರು. ಟಿವಿಯೊಳಗಿನಿಂದ ನೇರ ನನ್ನನ್ನೇ ನೋಡಿದರು. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು.

ಅಮ್ಮ ಸೆರಗು ಬಾಯಿಗೆ ಹಿಡಿದಿದ್ದರು. "ಇವತ್ತೇ ಮೊದಲು ಅವರು ತಿರುಗಿದ್ದು."

"ರೆಕಾರ್ಡ್ ಆಗಿರೋದು ಬದಲಾಗುತ್ತಾ ಅಮ್ಮ? ನೀವು ಗಮನಿಸಿರಲ್ಲ ಅಷ್ಟೆ," ಎಂದು ನಕ್ಕೆ. ನಕ್ಕದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಬೇಗ ಕೆಲಸ ಮುಗಿಸಿ ಹೋಗಬೇಕು ಅನಿಸಿತು. ರಿಮೋಟ್ ಕೈಗೆತ್ತಿಕೊಂಡೆ. ಕೆಳಗೆ ಮೂರು, ಬಲಕ್ಕೆ ಒಂದು. ಪರದೆಯ ಮೇಲೆ ಎರಡು ಸಾಲು ಏನೋ ಬಂತು. ಓಕೆ, ಓಕೆ. ಬಾಕ್ಸ್ ಆಫ್ ಆಗಿ ಆನ್ ಆಯಿತು, ಚಾನೆಲ್ಲುಗಳೆಲ್ಲ ಕನ್ನಡಿಯಂತೆ ಬಂದವು. ಕಾಫಿ ಬೇಡವೆಂದು ಹೊರಟೆ. ಗಿರಾಕಿಗಳ ಮನೆಯಲ್ಲಿ ನಾನು ಕೂರುವುದಿಲ್ಲ, ಕುಡಿಯುವುದಿಲ್ಲ.

ಒಂದು ಗಂಟೆಯೊಳಗೆ ಫೋನ್ ಬಂತು.

"ಕೇಬಲ್‌ನೋರೇ, ಪೆನ್‌ಡ್ರೈವಲ್ಲಿ ಏನೂ ಇಲ್ವಲ್ರೀ. ಅವರು ಇರೋದು ಅದೊಂದರಲ್ಲೇ."

ಗಾಡಿ ನಿಲ್ಲಿಸಿ ಯೋಚಿಸಿದೆ. ಆ ವಾರ ಬಾಕ್ಸುಗಳಿಗೆ ಅಪ್‌ಡೇಟ್ ಬಂದು ಮೆನುವಿನಲ್ಲಿ ಹೊಸದೊಂದು ಸಾಲು ಸೇರಿತ್ತು. ನಾನು ಎಣಿಸಿದ ಮೂರನೆಯ ಸಾಲು ಈಗ ಬೇರೆ. ಪರದೆಯ ಮೇಲಿನ ಆ ಎರಡು ಸಾಲು ಕೇಳಿದ್ದು, ಎಲ್ಲ ಅಳಿಸಲೇ ಎಂದೇ ಇರಬೇಕು. ನಾನು ಎರಡು ಸಲ ಓಕೆ ಅಂದಿದ್ದೆ.

"ಬಾಕ್ಸ್ ಪ್ರಾಬ್ಲಂ ಅಮ್ಮ," ಎಂದೆ. "ತಂತಾನೇ ಹೋಗಿರತ್ತೆ. ನಾನು ಹುಡುಕಿಕೊಡ್ತೀನಿ ಬಿಡಿ."

ಸುಳ್ಳು ಹೇಳಿದ ಅವತ್ತು ರಾಗಿಮುದ್ದೆ ಅರ್ಧಕ್ಕೇ ಬಿಟ್ಟು ಎದ್ದೆ. ಆ ಹೆಂಗಸಿನ ಹತ್ತಿರ ಗಂಡನ ಓಡಾಟ ಉಳಿದಿದ್ದದ್ದು ಅಷ್ಟೇ, ಹತ್ತು ಹೆಜ್ಜೆ. ಅದನ್ನು ನನ್ನ ಬೆರಳು ಒರೆಸಿಹಾಕಿತ್ತು.

ಹುಡುಕಿದೆ. ಸೀರಿಯಲ್ಲು ಮೊಬೈಲಿನ ಒಂದು ಆ್ಯಪಿನಲ್ಲಿ ಸಿಕ್ಕಿತು. ಯಾವ ಎಪಿಸೋಡಿನ ದೃಶ್ಯವೋ ಗೊತ್ತಿಲ್ಲ, ಆದ್ದರಿಂದ ಮೊದಲಿನಿಂದ ಹಿಡಿದೆ. ಊಟದ ಹೊತ್ತಿನಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ದಿನಕ್ಕೆರಡು ನೋಡಿದೆ. ಮೊದಲ ವಾರ ಬರೀ ಹಿಂದಿನ ಫುಟ್‌ಪಾತನ್ನೇ ನೋಡುತ್ತಿದ್ದೆ. ಆಮೇಲೆ ಯಾವಾಗಲೋ ಮುಂದಿನವರನ್ನೂ ನೋಡತೊಡಗಿದೆ. ಇಪ್ಪತ್ತೆಂಟನೇ ಎಪಿಸೋಡಿನಲ್ಲಿ ಅವಳ ಕೆಲಸ ಮುಗಿಯುತ್ತದೆ, ಖಾತೆ ಆಗಿಬಿಡುತ್ತದೆ. ಇನ್ನು ಅಂಗಡಿಗೆ ಬರಲು ಕಾರಣವಿಲ್ಲ. ಮರುದಿನ ಅವಳು ಹಳೆಯ ಕರೆಂಟ್ ಬಿಲ್ಲೊಂದನ್ನು ಹಿಡಿದು ಬಂದು ನಿಲ್ಲುತ್ತಾಳೆ. ಅವನು ಏನೂ ಕೇಳದೆ ಎರಡು ಕಾಪಿ ತೆಗೆಯುತ್ತಾನೆ, ಒಂದು ಅವಳಿಗೆ, ಒಂದು ಡ್ರಾಯರಿಗೆ. ನಾನು ತುತ್ತು ಕೈಯಲ್ಲೇ ಹಿಡಿದು ಕೂತಿದ್ದೆ. ವಿಲನ್ ಇಲ್ಲ, ವಿಷ ಹಾಕುವ ಅತ್ತೆಯಿಲ್ಲ, ಮೂರು ಸಲ ಮುಖ ತೋರಿಸಿ ಗುಡುಗಿಸುವುದಿಲ್ಲ. ಇಂಥದ್ದನ್ನು ಜನ ಯಾಕೆ ಬಿಟ್ಟರೋ. ಈಗಲೂ ಯಾರ ಮನೆಗೆ ಹೋದರೂ ಇದನ್ನು ನೋಡಿ ಅಂತ ಹೇಳುತ್ತೇನೆ.

ನನ್ನ ಹೆಂಡತಿ ಒಂದು ಭಾನುವಾರ ಹಿಡಿದುಬಿಟ್ಟಳು. "ಏನ್ರೀ, ಈ ವಯಸ್ಸಲ್ಲಿ ಕದ್ದು ಕದ್ದು ಲವ್ ಸ್ಟೋರೀನಾ?"

"ಕೆಲಸದ ಮೇಲೆ ನೋಡ್ತಿದೀನಿ ಕಣೇ."

"ಹೂಂ, ಕಣ್ಣಲ್ಲಿ ನೀರು ಬರೋ ಕೆಲಸ."

ಮೂವತ್ತೊಂದನೇ ಎಪಿಸೋಡಿನಲ್ಲಿ ಆ ದೃಶ್ಯ ಬಂತು. ಅದೇ ಬಸ್ಸು, ಅದೇ ಬಾಳೆಹಣ್ಣಿನ ಗಾಡಿ, ಅದೇ ಕೂಗು. ಗಾಡಿಯ ಹಿಂದೆ ಯಾರೂ ಇರಲಿಲ್ಲ. ಫುಟ್‌ಪಾತು ಖಾಲಿ.

ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಹತ್ತು ಸಲ ನೋಡಿದೆ. ಆ್ಯಪಿಗೆ ಹಾಕುವಾಗ ಕತ್ತರಿಸಿರಬೇಕು ಅಂದುಕೊಂಡೆ. ಆದರೆ ಬಸ್ಸು ಎಲ್ಲೂ ಎಗರುವುದಿಲ್ಲ, ಕೂಗು ತುಂಡಾಗುವುದಿಲ್ಲ. ಹತ್ತನೆಯ ಸಲ ನನ್ನ ಕಣ್ಣಿಗೆ ಬಿದ್ದದ್ದು ಫುಟ್‌ಪಾತಿನ ಕಲ್ಲು. ಹೊಸದಾಗಿ ಹಾಕಿದ ಬೂದು ಕಲ್ಲು. ಆ ಕಲ್ಲು ಹಾಕಲು ಅಗೆದಾಗ ನಮ್ಮ ಕೇಬಲ್ ಕಡಿದುಹೋಗಿ, ಮೂರು ದಿನ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಜೋಡಿಸಿದವನು ನಾನು. ಅದಕ್ಕಿಂತ ಎಷ್ಟೋ ತಿಂಗಳು ಮುಂಚೆ ಯಜಮಾನರ ತಿಥಿಯೆಲ್ಲ ಮುಗಿದು, ಕನೆಕ್ಷನ್ನನ್ನು ಅವರ ಹೆಸರಿನಿಂದ ಅಮ್ಮನ ಹೆಸರಿಗೆ ಬದಲಾಯಿಸಿಕೊಟ್ಟಿದ್ದವನೂ ನಾನೇ.

ಹೊಸ ಕಲ್ಲಿನ ಮೇಲೆ ಅವರು ನಡೆದಿರಲು ಸಾಧ್ಯವಿರಲಿಲ್ಲ. ಆದರೆ ನಾನು ನೋಡಿದ್ದೆ. ಅವರೂ ನನ್ನನ್ನು ನೋಡಿದ್ದರು. ಊಟದ ಡಬ್ಬಿ ಮುಚ್ಚಿ, ಟ್ಯಾಂಕಿನ ನೆರಳು ಬಿಟ್ಟು ಬಿಸಿಲಿಗೆ ಬಂದು ನಿಂತೆ.

ಮರುದಿನ ಮಧ್ಯಾಹ್ನ ಅಮ್ಮನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ: "ಅಮ್ಮ, ಬಾಕ್ಸ್ ಪ್ರಾಬ್ಲಂ ಅಲ್ಲ. ನಾನೇ ಅಳಿಸಿದ್ದು. ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಸಾಲು ಎಣಿಸಿ ಒತ್ತಿದೆ." ಇಪ್ಪತ್ತೈದು ವರ್ಷದಲ್ಲಿ ಆ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

"ಗೊತ್ತಿತ್ತು ಕಣ್ರೀ."

"ಏನು ಗೊತ್ತಿತ್ತು?"

"ಒತ್ತುವಾಗ ನಿಮ್ಮ ತುಟಿ ಅಲ್ಲಾಡ್ತಿತ್ತು. ಮೂವತ್ತು ವರ್ಷ ಟೀಚರಾಗಿದ್ದೆ. ಯಾರು ಓದ್ತಾರೆ, ಯಾರು ಬಾಯಿಪಾಠ ಒಪ್ಪಿಸ್ತಾರೆ ಗೊತ್ತಾಗಲ್ವಾ? ನೀವು ಯಾವಾಗ ಬಂದು ಹೇಳ್ತೀರೋ ಅಂತಿದ್ದೆ. ಒಳಗೆ ಬನ್ನಿ. ಆ ಬೆತ್ತದ ಕುರ್ಚಿ ಬೇಡ, ಈ ಕಡೆ ಕೂತ್ಕೊಳ್ಳಿ."

ಮೊದಲ ಸಲ ಗಿರಾಕಿಯ ಮನೆಯಲ್ಲಿ ಕೂತೆ. ಫೋನಿಗೆ ವೈರ್ ಸಿಕ್ಕಿಸಿ ಟಿವಿಗೆ ಜೋಡಿಸಿ ಮೂವತ್ತೊಂದನೇ ಎಪಿಸೋಡು ಹಾಕಿದೆ. "ಸಿಕ್ತು ಅಮ್ಮ, ಆದ್ರೆ ಇದರಲ್ಲಿ ಅವರು..." ಎಂದು ಶುರುಮಾಡುವಷ್ಟರಲ್ಲಿ ಆ ದೃಶ್ಯ ಬಂತು. ಬಸ್ಸು ಹೋಯಿತು. ಗಾಡಿಯವನು ಕೂಗಿದ. ಫುಟ್‌ಪಾತು ಖಾಲಿಯೇ.

ಅಮ್ಮ ಅಳಲಿಲ್ಲ. ನನ್ನ ಕಡೆ ನೋಡಿದರು. "ಅವರು ಮೊದಲಿಂದ ಹಾಗೇ ಕಣ್ರೀ. ಮನೆಗೆ ಯಾರಾದ್ರೂ ಬಂದ್ರೆ ಒಳಗೆ ಹೋಗಿಬಿಡೋರು. ಅವತ್ತು ಯಾರಪ್ಪಾ ಇವನು ಅಂತ ತಿರುಗಿ ನೋಡಿರ್ಬೇಕು." ಟಿವಿಯ ಕಡೆ ಕೈ ತೋರಿಸಿ, "ತಪ್ಪು ತಿಳ್ಕೋಬೇಡಿ, ಸ್ವಲ್ಪ ಗೋಡೆ ಕಡೆ ತಿರುಗ್ತೀರಾ? ಇನ್ನೊಂದು ಸಲ ಹಾಕಿ," ಅಂದರು.

ಹಾಕಿದೆ. ಎದ್ದು ಗೋಡೆಯ ಕಡೆ ತಿರುಗಿದೆ. ಚಿತ್ರ ಬಂತೋ ಇಲ್ಲವೋ ನೋಡುವುದೇ ಹೊಟ್ಟೆಪಾಡಾದವನು, ಟಿವಿಗೆ ಬೆನ್ನು ಹಾಕಿ ಒಂದು ಕ್ಯಾಲೆಂಡರು ನೋಡುತ್ತ ನಿಂತೆ. ಬೆನ್ನ ಹಿಂದೆ ಬಸ್ಸು ಹೋಯಿತು. ಬಾಳೆಹಣ್ಣಿನವನು ಕೂಗಿದ. ಆಮೇಲೆ ಕಲ್ಲಿನ ಮೇಲೆ ಕೊಡೆಯ ತುದಿ ತಾಗುವ ಸದ್ದು. ಟಕ್. ಟಕ್. ಹತ್ತು ಸಲ ನೋಡಿದಾಗಲೂ ಆ ಸದ್ದು ಅದರಲ್ಲಿ ಇರಲಿಲ್ಲ.

ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟೆ. ಟೆರೇಸಿನ ಅಭ್ಯಾಸ, ಬಾಯಿ ತಾನೇ ಕೇಳಿತು: "ಬಂತಾ ಅಮ್ಮ?"

"ಬಂದ್ರು," ಅಂದರು ಅಮ್ಮ, ಬಹಳ ಮೆಲ್ಲಗೆ.

ದೃಶ್ಯ ಬದಲಾಯಿತು, ಜೆರಾಕ್ಸ್ ಅಂಗಡಿಯವನೂ ಅವಳೂ ಮಾತಾಡತೊಡಗಿದರು. ಕೊಡೆಯ ಸದ್ದು ಮಾತ್ರ ನಿಲ್ಲಲಿಲ್ಲ. ಹತ್ತಿರ ಬಂತು. ಬೆತ್ತದ ಕುರ್ಚಿ ಕಿರ್ ಎಂದಿತು.

ಅಮ್ಮನ ಮಾತನ್ನು ನಂಬಿದೆ. ತಿರುಗಿ ನೋಡದೆ, ಗೋಡೆ ಹಿಡಿದುಕೊಂಡೇ ಬಾಗಿಲಿಗೆ ಬಂದು, ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೆ. ಫೋನು ಅಲ್ಲೇ ಉಳಿದಿದೆ ಎಂದು ನೆನಪಾದದ್ದು ಗೇಟು ದಾಟಿದ ಮೇಲೆ. ಎಪಿಸೋಡು ಮುಗಿಯಲು ಇನ್ನೂ ಹನ್ನೊಂದು ನಿಮಿಷ ಇತ್ತು. ರಸ್ತೆಯಲ್ಲೇ ನಿಂತು ಕಾದೆ.