ಹಿಂದಿನಿಂದ ಕರೆದ ಆಯಿ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದದ್ದೇ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ತದಡಿ ಕಡೆಯವರಿಗೆ ಮೀನಿನ ವಾಸನೆ ಒಂದು ವಾಸನೆಯೇ ಅಲ್ಲ. ಇದು ಬೇರೆ, ಕಡಲು ತನ್ನ ತಳವನ್ನು ಕಲಕಿದಾಗ ಬರುವಂಥದ್ದು. ಆಚೆಮನೆ ಅಜ್ಜಿ ನೆನಪಾಗಿ ಕಣ್ಣೆದುರು ಬಂದು ನಿಂತಳು... ಊರಿಗೆಲ್ಲ ಅವಳು ಆಯಿ.

ಕೇರಿಯ ಶಾಸ್ತ್ರಗಳಿಗೆಲ್ಲ ಆಯಿಯೇ ಯಜಮಾನಿ. ದೋಣಿಯಲ್ಲಿ ಸಿಳ್ಳೆ ಹಾಕಬಾರದು, ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಯಾರಾದರೂ ಕರೆದರೆ ಆ ದಿನ ದೋಣಿ ಇಳಿಸಬಾರದು. ಒಂದೂ ತಪ್ಪುವ ಹಾಗಿಲ್ಲ. ಗಂಡನನ್ನು ಕಡಲಿಗೇ ಕೊಟ್ಟವಳು. ವಿಧವೆ ಎದುರಾದರೆ ಅಪಶಕುನವೆಂದು ದೋಣಿಗಳು ಅಳಿವೆ ದಾಟಿ ಕಡಲು ಸೇರುವವರೆಗೆ ಹೊಸ್ತಿಲಾಚೆ ಕಾಲಿಡುತ್ತಿರಲಿಲ್ಲ. ಆ ಶಾಸ್ತ್ರ ಕಂಡರೆ ನನಗೆ ಮೈ ಉರಿಯುತ್ತಿತ್ತು. ಆಯಿ ಮಾತ್ರ ಒಳಗೆ ಕೂತು ಹರಿದ ಬಲೆ ಹೊಲಿಯುತ್ತಿದ್ದಳು.

ಆ ವರ್ಷ ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಕೊಟ್ಟು ನಾಲ್ಕು ದಿನವಾಗಿತ್ತು. ಮಳೆಗಾಲವಿಡೀ ಸುಮ್ಮನೆ ಕೂತ ಕೈಗಳು. ಚಂದದ ಬಿಸಿಲು ಬೇರೆ. ಅಪ್ಪ ಏಳು ಜನರನ್ನು ಕಟ್ಟಿಕೊಂಡು ಹೊರಟಿದ್ದ. "ಕೆಸರು ನಾತ ಬತ್ತದೆ. ಇವತ್ ಬ್ಯಾಡ್ರಾ" ಎಂದು ಆಯಿ ಕಿಟಕಿಯಿಂದ ಹೇಳಿದ್ದಕ್ಕೆ, "ನಿಂಗೆಲ್ಲದ್ಕೂ ಹೆದ್ರಿಕೆ ಆಯಿ" ಎಂದು ನಕ್ಕುಬಿಟ್ಟ.

ದೋಣಿಯನ್ನು ನೀರಿಗೆ ತಳ್ಳುವ ಹೊತ್ತಿಗೆ ಆಯಿ ಹೊಸ್ತಿಲು ದಾಟಿ ದಂಡೆಗೇ ಬಂದಳು. ಅವರ ಬೆನ್ನ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗಿದಳು: "ಹೋಯ್, ಎಲ್ಲಿಗ್ ಹೊಂಟ್ರಾ?"

ಎಂಟು ಜನರೂ ನಿಂತಲ್ಲೇ ನಿಂತರು. ಆಮೇಲೆ ಅಪ್ಪ ಬೈದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಯಿ ಎಲ್ಲ ಕೇಳಿಸಿಕೊಂಡಳು. "ಬೈದದ್ದು ಆತಾ? ಹಂಗಾರೆ ಮನೆಗ್ ಹೋಗಿ ಗಂಜಿ ಉಣ್ಣಿ" ಎಂದಳು.

ಕರೆದ ಮೇಲೆ ದೋಣಿ ಇಳಿಸುವ ಎದೆ ಯಾರಿಗಿದೆ! ಮಧ್ಯಾಹ್ನ ಎದ್ದ ಗಾಳಿಗೆ ನಮ್ಮ ಮಾಡಿನ ಹಂಚು ಹಾರಿಹೋದವು. ಕಡಲು ದಂಡೆಯನ್ನೇ ನುಂಗುವ ಹಾಗೆ ಏಳುತ್ತಿತ್ತು. ಎಂಟೂ ಜನ ಮನೆಯೊಳಗಿದ್ದರು. ಸಂಜೆ ಅಪ್ಪ ಆಯಿಯ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ. ಅಂದಿನಿಂದ ನಮ್ಮ ದೋಣಿ ಆಯಿಯ ಮುಖ ನೋಡದೆ ಕಡಲಿಗೆ ಹೋದದ್ದಿಲ್ಲ. ಅಂಥವಳು ನಮ್ಮ ಆಚೆಮನೆಯವಳು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಜಂಬ, ಸುಳ್ಳೇಕೆ ಹೇಳಲಿ?

ಆಯಿ ತೀರಿಕೊಂಡಾಗ, ಚಟ್ಟ ಹೊತ್ತು ನಾಲ್ಕು ಹೆಜ್ಜೆ ಹೋಗಿದ್ದರಷ್ಟೇ, ಹಿಂದಿನಿಂದ ಅಪ್ಪ ಕೂಗಿದ: "ಹೋಯ್, ಎಲ್ಲಿಗ್ ಹೊಂಟ್ಯೇ ಆಯಿ...?" ಹೊತ್ತವರ ಕಾಲು ಒಂದು ಗಳಿಗೆ ತಡೆಯಿತು. ಮತ್ತೆ ನಡೆದರು.

ಇವತ್ತು ಆ ವಾಸನೆ ಬಂದಾಗ ನನ್ನ ತಮ್ಮ ದೋಣಿಗೆ ಹೊರಟಿದ್ದ. ಹಿಂದಿನಿಂದ ನಾನು ಕರೆದೆ. ಈಗ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾನೆ. ಕೂತಿರಲಿ. ಕರೆದರೂ ನಿಲ್ಲದೆ ಹೋದವಳು ಆಯಿ ಒಬ್ಬಳೇ.