ತಡೆದು ತಡೆದು ಓಡಿದ ಕಾರು

ಗಜೇಂದ್ರಗಡದ ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ನನ್ನ ಕಾಲೇಜು ಓದಿಗೆ ಕಂಪ್ಯೂಟರ್ ಕೊಳ್ಳಲೆಂದು ಅಪ್ಪ ತಂದ ರೊಕ್ಕದಲ್ಲಿ ಅದಕ್ಕೆ ದೊಡ್ಡ ಮಾನಿಟರ್ ಬರುತ್ತಿತ್ತು, ಇಲ್ಲವೇ ಸಣ್ಣ ಮಾನಿಟರ್ ಜೊತೆ ಗ್ರಾಫಿಕ್ಸ್ ಕಾರ್ಡ್. ನನಗೆ ಬೇಕಾದದ್ದು ಕಾರ್ಡು. ಆದರೆ ಅದು ಆಟಕ್ಕೆ ಎಂದು, ನಮ್ಮೂರು ಯಾವಗಲ್‌ನಲ್ಲಿ ಟ್ರ್ಯಾಕ್ಟರ್ ಓಡಿಸುವ ಅಪ್ಪನ ಮುಂದೆ ಬಾಯಿ ಬಿಡುವ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಅಂಗಡಿಯವರು ಅಲ್ಲಿದ್ದ ಕಂಪ್ಯೂಟರಿನಲ್ಲಿ ಕಾರ್ ರೇಸ್ ಹಚ್ಚಿ, “ನೀವ ಓಡಿಸಿ ನೋಡ್ರಿ” ಎಂದು ಅಪ್ಪನನ್ನೇ ಕೂಡಿಸಿದರು. ಕಾರು ತಡೆದು ತಡೆದು ಓಡಿತು.

“ಯಾಕ್ರಿ, ಕ್ಲಚ್ ಹೋಗೇತೇನು?” ಅಪ್ಪ ಕೇಳಿದ.

“ಇಲ್ರಿ, ಇದರಾಗ ಕಾರ್ಡಿಲ್ಲ, ಅದಕ್ಕ.”

ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. “ಹಂಗಾರ ಮಾನಿಟರ್ ಸಣ್ಣದ ಇರಲಿ. ಕಾರ್ಡ್ ಹಾಕ್ರಿ” ಎಂದ.

ಕಾರ್ಡೇನೋ ಮನೆಗೆ ಬಂತು. ಸಂಜೆ ಆಡಲು ನನ್ನ ಪಾಳಿ ಮಾತ್ರ ಬರುತ್ತಿರಲಿಲ್ಲ.