ಮೂವತ್ತು ಪುಟದ ತೀರ್ಪು

ನಮ್ಮ ಮಾವ ಚನ್ನಲಿಂಗಪ್ಪನವರಿಗೆ ಎಪ್ಪತ್ತನಾಲ್ಕು ವರ್ಷ. ರಾಮನಗರದಲ್ಲಿ ನಲವತ್ತು ವರ್ಷ ರೀಲರ್ ಆಗಿದ್ದವರು, ಅಂದರೆ ಗೂಡು ಕೊಂಡು ತಂದು ರೇಷ್ಮೆ ನೂಲು ತೆಗೆಸುತ್ತಿದ್ದವರು. ದಿನಾ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗುವುದು, ರೈತರು ಸುರಿದಿಟ್ಟ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು, ಅಲ್ಲೇ ತೀರ್ಮಾನ. ಮೇಲೆ ಚೆಂದದ ಗೂಡು ಹರಡಿ ಅಡಿಯಲ್ಲಿ ಜಳ್ಳು ಮುಚ್ಚಿಟ್ಟ ಯಾರಿಗೂ ಅವರಿಗೆ ಟೋಪಿ ಹಾಕಲು ಆಗಲಿಲ್ಲವಂತೆ. ಹಾಗಂತ ಅವರೇ ಹೇಳುತ್ತಾರೆ, ಬೇರೆ ಸಾಕ್ಷಿ ಇಲ್ಲ.

ಮಂಡಿ ನೋವು ಶುರುವಾಗಿ ಮಾರ್ಕೆಟ್ಟು ಬಿಟ್ಟ ಮೇಲೆ ಮಾವ ಕಾದಂಬರಿಗಳ ಹಿಂದೆ ಬಿದ್ದರು. ತೀರಿಹೋದ ಅತ್ತೆಯ ಲೈಬ್ರರಿ ಕಾರ್ಡು ಮನೆಯಲ್ಲಿತ್ತು, ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆದರೆ ಹಳೆಯ ಚಾಳಿ ಹೋಗಬೇಕಲ್ಲ. ಯಾವ ಪುಸ್ತಕವೇ ಇರಲಿ ಮೂವತ್ತು ಪುಟ ಓದುತ್ತಾರೆ, ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ ತೀರ್ಪು ಕೊಡುತ್ತಾರೆ. ಒಂದು ಸಲ ಪತ್ತೇದಾರಿ ಕಾದಂಬರಿಯೊಂದರ ಕೊಲೆಗಾರ ಇಂಥವನೇ ಎಂದು ಮೂವತ್ತನೇ ಪುಟಕ್ಕೇ ಹೇಳಿಬಿಟ್ಟರು. ಮುಂದೆ ಓದಿದ ನನ್ನ ಮಗಳು ಮೇಘನಾ, ಆ ಮನುಷ್ಯ ನಲವತ್ತನೇ ಪುಟದಲ್ಲಿ ತಾನೇ ಕೊಲೆಯಾದ ಎಂದು ಬಂದು ಹೇಳಿದಳು. ತಾತ ಮೊಮ್ಮಗಳು ಅವತ್ತು ನಕ್ಕಿದ್ದೇ ನಕ್ಕಿದ್ದು.

ಆ ನಗು ಈಚೆಗೆ ನಿಂತುಹೋಗಿತ್ತು. ಮೇಘನಾ ಎರಡನೇ ಪಿಯುಸಿ. ಎರಡು ತಿಂಗಳಿಂದ ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಹೊತ್ತಿಗೆ ಸರಿಯಾಗಿ ಬ್ಯಾಗು ಹಾಕಿಕೊಂಡು ಹೋಗುತ್ತಾಳೆ, ಹೊತ್ತಿಗೆ ಸರಿಯಾಗಿ ಬಂದು ಕೋಣೆ ಸೇರುತ್ತಾಳೆ. ನಾನು ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ, ದೃಷ್ಟಿಯನ್ನೂ ತೆಗೆದೆ. ಒಳಗೊಳಗೆ ನನಗೆ ಭಯವಾಗುತ್ತಿತ್ತು.

ಹಾಗಿರುವಾಗ ಒಂದು ಭಾನುವಾರ ಅವಳಾಗಿಯೇ ಬಂದು ತಾತನ ಕೈಗೆ ಒಂದು ಕಾದಂಬರಿ ಕೊಟ್ಟಳು. "ಇದನ್ನ ಪೂರ್ತಿ ಓದು ತಾತ" ಎಂದಳು. ನಾನು ಒಗ್ಗರಣೆ ಬಿಟ್ಟು ಬಾಗಿಲಿಗೆ ಬಂದು ನಿಂತೆ. ಎರಡು ತಿಂಗಳಲ್ಲಿ ಅವಳ ಬಾಯಿಂದ ಬಂದ ಅತಿ ಉದ್ದದ ಮಾತು ಅದು.

ಕಾದಂಬರಿಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ಮಾವ ಕನ್ನಡಕ ಏರಿಸಿ ಓದಿದರು. ರಾತ್ರಿ ಊಟಕ್ಕೆ ಕೂತಾಗ ಮೇಘನಾ ತಟ್ಟೆಯಲ್ಲಿ ಬೆರಳಾಡಿಸುತ್ತಾ ಅವರನ್ನೇ ನೋಡುತ್ತಿದ್ದಳು.

"ಈ ಹುಡ್ಗಿ ಸರೀಗಿಲ್ಲ ಕಣಮ್ಮ" ಎಂದರು ಮಾವ ನನ್ನ ಕಡೆ ತಿರುಗಿ. "ಬಾಯಿ ಬುಟ್ರೆ ಸುಳ್ಳು. ಅಪ್ಪನ ಮ್ಯಾಲೆ ಸಿಟ್ಟು, ಮೇಷ್ಟ್ರ ಮ್ಯಾಲೆ ಸಿಟ್ಟು. ಹೊಟ್ಟೆಗೆ ಬಟ್ಟೆಗೆ ಎಲ್ಲಾ ಐತೆ, ಇವ್ಳಿಗೆ ಯಾತರ ಕಷ್ಟ? ನಾಕು ದಿನ ನೂಲು ತೆಗೆಯೋಕೆ ಕೂರಿಸಿದ್ರೆ ಸರಿಹೋಗ್ತಾಳೆ."

"ಎಷ್ಟು ಪುಟ ಓದ್ದೆ ತಾತ?"

"ಮೂವತ್ತು. ಸಾಕು ಬುಡು."

ಮೇಘನಾ ಎದ್ದಳು. ಕೈ ತೊಳೆದು ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಮಾವನಿಗೆ ಎದುರು ಮಾತಾಡಿದವಳಲ್ಲ, ಅವತ್ತು ಆಡಿದೆ. "ಎರಡು ತಿಂಗಳಿಗೆ ಅವ್ಳು ಕೇಳಿದ್ದು ಇದೊಂದೇ ಮಾವ. ಪೂರ್ತಿ ಓದೋಕೆ ನಿಮಗೇನಾಗಿತ್ತು?" ಮಾವ ನೀರು ಕುಡಿದು ಎದ್ದು ಹೋದರು.

ಸೋಮವಾರ ಸಂಜೆ ಮಾವ ಪುಸ್ತಕ ಕೇಳಿದಾಗ ಮೇಘನಾ, ಲೈಬ್ರರಿಗೆ ವಾಪಸ್ ಕೊಟ್ಟೆ ಎಂದಳು. ಮಂಗಳವಾರ ಮಾವ ಆಟೋ ಮಾಡಿಕೊಂಡು ತಾವೇ ಹೋಗಿ ಅದನ್ನು ಹುಡುಕಿಸಿ ತಂದರು. ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ. ಗುರುವಾರ ಮಧ್ಯಾಹ್ನ ಅಡುಗೆಮನೆಗೆ ಬಂದು, ಪುಟದ ಮಧ್ಯೆ ಬೆರಳಿಟ್ಟುಕೊಂಡೇ ಹೇಳಿದರು. "ಈ ಕತೆ ಹುಡ್ಗಿ ಕಾಲೇಜಿಗೆ ಹೋಗ್ತಾನೇ ಇಲ್ಲ ಕಣಮ್ಮ. ಬುತ್ತಿನ ನಾಯಿಗೆ ಹಾಕಿ, ಅವ್ವಂಗೆ ಗೊತ್ತಾಗ್ಬಾರ್ದು ಅಂತ ಡಬ್ಬಿ ತೊಳ್ಕೊಂಡು ಬತ್ತಾಳೆ."

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಎರಡು ತಿಂಗಳಿಂದ ನಮ್ಮ ಮನೆಯ ಟಿಫನ್ ಬಾಕ್ಸೂ ತೊಳೆದೇ ಬರುತ್ತಿತ್ತು. ಮಗಳಿಗೆ ಜವಾಬ್ದಾರಿ ಬಂತು ಎಂದು ಪಕ್ಕದ ಮನೆಯವರ ಮುಂದೆ ನಾನು ಹೇಳಿಕೊಂಡಿದ್ದೆ. ಹಾಜರಾತಿ ಬಗ್ಗೆ ಕಾಲೇಜಿನಿಂದ ನನ್ನ ಫೋನಿಗೆ ಮೆಸೇಜು ಬರುವುದು ಯಾಕೆ ನಿಂತಿತು, ಅದನ್ನು ಯಾರು ಅಳಿಸುತ್ತಿದ್ದರು ಎಂಬುದೂ ಆಗ ಹೊಳೆಯಿತು. ಮಾವನಿಗೆ ಹೇಳಿದೆ. ಅವರು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟರು.

"ಬರಲಿ ಇವತ್ತು, ಕೇಳ್ತೀನಿ" ಎಂದೆ.

"ನೀನು ಸುಮ್ಕಿರಮ್ಮ. ಕೆಡಿಸ್ದೋನು ನಾನು, ನಾನೇ ಮಾತಾಡ್ತೀನಿ."

ಸಂಜೆ ಮೇಘನಾ ಬಂದಳು. ಮಾವ ಜಗಲಿಯಲ್ಲೇ ಅವಳನ್ನು ಪಕ್ಕ ಕೂರಿಸಿಕೊಂಡರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ಅವರೆಕಾಯಿ ಮೊರ ಮಡಿಲಲ್ಲಿಟ್ಟುಕೊಂಡು ಕೂತೆ. ಒಂದು ಕಾಯನ್ನೂ ಸುಲಿಯಲಿಲ್ಲ.

"ಆ ಹುಡ್ಗಿ ವಿಷ್ಯ ನಾನು ತಪ್ಪು ಹೇಳ್ಬುಟ್ಟೆ ಮಗಾ" ಎಂದರು. "ಎಲ್ರ ಗೂಡೂ ತಳದಿಂದ ಎತ್ತಿ ನೋಡ್ತಿದ್ದೋನು, ಇವ್ಳನ್ನ ಮ್ಯಾಲೆ ಮ್ಯಾಲೆ ನೋಡಿ ಬುಟ್ಟೆ. ಈಗ ಪೂರ್ತಿ ಓದಿದೀನಿ. ಅವ್ಳು ಯಾಕೆ ಕಾಲೇಜಿಗೆ ಹೋಗಲ್ಲ ಅನ್ನೋದು ಮಾತ್ರ ಕೊನೇಗಂಟ ಹೇಳ್ಲಿಲ್ಲ. ನಿಂಗೇನು ಅನ್ಸುತ್ತೆ?"

ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಾ ಮುಚ್ಚುತ್ತಾ ಕೂತಳು. ನಾನು ಬಾಯಿ ಹಾಕದೆ ಇದ್ದದ್ದು ಆ ಶಿವನ ದಯೆ.

"ಕ್ಲಾಸಿಗೆ ಹೋದ್ರೆ ಅವ್ಳಿಗೆ ಉಸಿರು ಕಟ್ಟುತ್ತೆ ತಾತ. ಕೈ ನಡುಗುತ್ತೆ. ಬೋರ್ಡ್ ಮೇಲೆ ಬರೆದಿರೋದು ಒಂದೂ ತಲೆಗೆ ಹೋಗಲ್ಲ. ಎಲ್ರಿಗೂ ಅರ್ಥ ಆಗ್ತಿರುತ್ತೆ, ಅವ್ಳಿಗೊಬ್ಳಿಗೇ ಆಗಲ್ಲ."

"ಎಷ್ಟು ದಿನದಿಂದ ಹಿಂಗೆ?"

"ಗಣೇಶನ ಹಬ್ಬ ಆದಾಗಿಂದ."

ಆ ಕಾದಂಬರಿಯಲ್ಲಿ ಗಣೇಶನ ಹಬ್ಬ ಇಲ್ಲ. ಆಮೇಲೆ ನಾನೂ ಓದಿದೆ, ಎಲ್ಲೂ ಇಲ್ಲ. ಏನು ಹೇಳಿಬಿಟ್ಟೆನೆಂದು ಮೇಘನಾಗೂ ಗೊತ್ತಾಗಿ ತಲೆ ತಗ್ಗಿಸಿದಳು. ಮಾವ ಗೊತ್ತಾಗದವರಂತೆ ಬೀದಿ ಕಡೆ ನೋಡುತ್ತಿದ್ದರು.

"ಹಗಲೆಲ್ಲಾ ಎಲ್ಲಿ ಕೂತಿರ್ತಾಳೆ ಪಾಪ?"

"ರೈಲ್ವೆ ಸ್ಟೇಷನ್ನಲ್ಲಿ."

"ಒಬ್ಳೇನಾ?"

ಅವಳು ಹೂಂ ಅನ್ನಲು ಹೋಗಿ ಅತ್ತುಬಿಟ್ಟಳು. ತಾತನ ನೋಯುವ ಮಂಡಿಯ ಮೇಲೆಯೇ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಾವ ಕಾಲು ಸರಿಸಲಿಲ್ಲ, ಕಾರಣ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಅಳು ಸ್ವಲ್ಪ ಇಳಿದ ಮೇಲೆ ಅವಳ ಬೆನ್ನು ತಟ್ಟಿ ಹೇಳಿದರು.

"ನಾಳೆ ಕಾಲೇಜಿನ ಮಾತು ಬ್ಯಾಡ. ನೀನು ಕೂತ್ಕೊಳೋ ಬೆಂಚಿಗೆ ನಾನೂ ಬತ್ತೀನಿ."